ಎರಡನೆಯ ರ‍್ಯಾಮ್

ಕಡೂರಿನಲ್ಲಿ ಬಸ್ಸು ಹತ್ತಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬರು ಅತ್ತೆ, ಸೊಸೆ, ನಡುವೆ ಲ್ಯಾಪ್‌ಟಾಪ್ ಚೀಲ.

“ಲ್ಯಾಪ್‌ಟಾಪಲ್ಲಿ ಒಂದು ರ‍್ಯಾಮ್ ಇದೆಯಲ್ಲ ಸಂಗೀತಾ, ಇನ್ನೊಂದು ಹಾಕ್ಸೋದ್ಯಾಕೆ?”

“ಬೀಸೋಕಲ್ಲಿಗೆ ಇಬ್ರು ಕೈ ಹಾಕ್ದಂಗೆ ಅತ್ತೆ. ಜೋಡಿ ಇದ್ರೆ ಎರಡೂ ಒಟ್ಟಿಗೆ ಕೆಲ್ಸ ಮಾಡ್ತವೆ.”

“ಹಂಗಾದ್ರೆ ಮದ್ವೆ ಆಲ್ಬಂ ಅರ್ಧ ಹೊತ್ತಲ್ಲಿ ಮುಗಿಯುತ್ತೆ ಅನ್ನು.”

“ಅಷ್ಟೆಲ್ಲಾ ಇಲ್ಲ, ಸ್ವಲ್ಪ ಬೇಗ. ಪದೇ ಪದೇ ನಿಂತೋಗೋದು ತಪ್ಪುತ್ತೆ.”

“ಅಷ್ಟಾದ್ರೂ ಆಗ್ಲಿ ಕಣೇ, ಸೋಮವಾರ ಗಿರಾಕಿಗೆ ಆಲ್ಬಂ ಕೊಡ್ಬೇಕಲ್ಲ. ನಿನ್ನೆ ಲ್ಯಾಪ್‌ಟಾಪ್ ನಿಂತಿದ್ದಕ್ಕೆ ನೀನು ಊಟನೇ ಬಿಟ್ಟೆ.”

“ನೀವೂ ಉಣ್ಲಿಲ್ಲ.”

“ನಿನ್ನ ಮೋರೆ ನೋಡ್ಕೊಂಡು ಹೆಂಗೆ ಉಣ್ಲಿ? ಏಳು, ತರೀಕೆರೆ ಬಂತು.”

ಚೀಲವನ್ನು ಅತ್ತೆಯೇ ಹೆಗಲಿಗೆ ಹಾಕಿಕೊಂಡು ಇಳಿದರು.

ನಮ್ಮ ಸೊಸೆ ಮಧುಶ್ರೀ ದಿನವಿಡೀ ಲ್ಯಾಪ್‌ಟಾಪಿನಲ್ಲಿ ಏನು ಮಾಡುತ್ತಾಳೆಂದು ನಾನು ಒಮ್ಮೆಯೂ ಕೇಳಿಲ್ಲ. ಇವತ್ತು ಕೇಳಬೇಕು ಎಂದುಕೊಂಡೆ.