ಎಂಬತ್ತೈದು ಡಿಗ್ರಿಯ ದನಿ

"ಹಲೋ, ಯಾರು ಮಾತಾಡ್ತಿರೋದು? … ಅತ್ತಿಗೆ, ನೀವಾ? ಇದು ಯಾರ ನಂಬರು?"

ಕಂಪ್ಯೂಟರ್ ರಿಪೇರಿಯವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. ಎರಡು ತಿಂಗಳ ಹಿಂದೆ ತೀರಿಕೊಂಡ ಗೆಳೆಯನ ಹೆಂಡತಿ ಆಕೆ. ಗೆಳೆಯನ ಕಂಪ್ಯೂಟರನ್ನು ಮೊನ್ನೆಯಷ್ಟೇ ತಾನಾಗಿ ಹೋಗಿ ಸರಿಮಾಡಿ ಬಂದಿದ್ದ.

"… ಬಿಸಿಯೇ ಆಗ್ತಿಲ್ವಾ? ಅದಕ್ಕೇ ಅಲ್ವಾ ಅತ್ತಿಗೆ ನಾನು ಬಂದಿದ್ದು. ಅವನು ಪ್ರೊಸೆಸರನ್ನ ಶಕ್ತಿ ಮೀರಿ ಓಡಿಸ್ತಿದ್ದ. ಸ್ಪೀಡು ಇಳಿಸಿ, ಧೂಳು ಕೊಡವಿ, ಬಿಸಿ ಎಳ್ಕೊಳ್ಳೋ ಹೊಸ ಪೇಸ್ಟ್ ಹಚ್ಚಿದೆ. ಈಗ ಅರವತ್ತು ಡಿಗ್ರಿ ದಾಟಲ್ಲ."

"… ತಣ್ಣಗಿರೋದೇ ತೊಂದರೇನಾ?"

"… ಏನು, ಕಂಬಳಿ ಹೊದಿಸಿದೀರಾ? ಮೊದಲು ತೆಗೀರಿ. ಅದಕ್ಕೇನು ಚಳಿಜ್ವರವಾ? … ತೆಗೆದ್ರಾ? ಗಾಳಿ ಆಡ್ಬೇಕು ಅತ್ತಿಗೆ. ಎಂಬತ್ತೈದರ ಮೇಲೆ ದಿನಾ ಕಾಯಿಸಿದ್ರೆ ಆಯಸ್ಸು…"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

"… ಅಳಬೇಡಿ. ಎಂಬತ್ತೈದು ದಾಟಿದ್ರೆ ಏನಾಗ್ತಿತ್ತು, ಹೇಳಿ. … ಮಾತಾಡ್ತಿತ್ತಾ? … ಅವನ ದನೀಲಾ?"

"… ಹಾಂ, ಅವನ ದನಿ ಬೇರೆ ಎಲ್ಲೂ ಇಲ್ವಾ? ಫೋನಲ್ಲೂ? … ಊರವರನ್ನೆಲ್ಲ ಮಿಮಿಕ್ರಿ ಮಾಡ್ತಿದ್ದವನು, ತನ್ನದೊಂದು ಇಟ್ಟು ಹೋಗಿಲ್ವಾ."

"… ಇಲ್ಲ ಇಲ್ಲ, ನಾನೇನೂ ಅಳಿಸಿಲ್ಲ. ಬಿಸಿ ಗಡಿ ದಾಟಿದ್ರೆ ಎಚ್ಚರಿಕೆ ಕೊಡೋ ಪ್ರೋಗ್ರಾಂ ಹಾಗೇ ಇದೆ, ಅವನು ರೆಕಾರ್ಡ್ ಮಾಡಿದ್ದೂ ಅದರಲ್ಲೇ ಇರ್ಬೇಕು. ಬಿಸಿ ಏರಿಸೋದು ಬೇಡ, ಗಡಿಯನ್ನೇ ಇಳಿಸೋಣ. ಕೂತ್ಕೊಳ್ಳಿ. ಥರ್ಮಾಮೀಟರ್ ಚಿತ್ರ ಇದೆಯಲ್ಲ, ಒತ್ತಿ. … ಎಂಬತ್ತೈದು ಅಂತಿದೆ ಅಲ್ವಾ? ಅಲ್ಲಿ ನಲವತ್ತು ಅಂತ ಹಾಕಿ. … ಈಗ ಎಷ್ಟು ತೋರಿಸ್ತಿದೆ? ನಲವತ್ತೆಂಟಾ? ಸಾಕು, ಸೇವ್ ಮಾಡಿ. ಫೋನನ್ನ ಸ್ಪೀಕರ್ ಹತ್ರ ಹಿಡೀರಿ."

ಅಂಗಡಿಯ ಫ್ಯಾನ್ ಆರಿಸಿ ಕಿವಿಗೊಟ್ಟ.

ಆ ಕಡೆ ಸ್ಪೀಕರ್ ಮಾತಾಡಿತು.

"… ಅತ್ತಿಗೆ, ಇದು ಅವನಲ್ಲ, ನಾನು."

"… ನನ್ನ ಹಾಗೇ ಮೂಗಲ್ಲಿ, 'ಏನ್ ಸ್ವಾಮಿ, ಇದು ಕಂಪ್ಯೂಟರ್ರೋ ಇಸ್ತ್ರಿಪೆಟ್ಟಿಗೆಯೋ, ಆರಿಸಿ ಎದ್ದೇಳಿ' ಅಂತ… ಹನ್ನೆರಡು ವರ್ಷ ನನ್ನ ಜೊತೆ ಚಹಾ ಕುಡಿದು, ಬೆನ್ನ ಹಿಂದೆ ಇದಾ? ಕಳ್ಳ. … ನಿಮಗೂ ಗೊತ್ತಿತ್ತಾ? ಮಕ್ಕಳಿಗೂ? … ನಗ್ತಿದೀರಾ? ನಗಿ ಅತ್ತಿಗೆ, ನಗಿ. ಇನ್ನೊಂದ್ಸಲ ಕೇಳಿಸಿ. … ಕೊನೇಲಿ ತಡ್ಕೊಳ್ಳೋಕಾಗ್ದೆ ಕಿಸಕ್ ಅಂತ ನಕ್ಕನಲ್ಲ, ಅದು ನಂದಲ್ಲ. ಅದೊಂದು ಅವನದೇ, ಅಲ್ವಾ…"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು ಜೋರಾಗಿ ಅವನು ನಗತೊಡಗಿದ. ಕಣ್ಣೊರೆಸಿಕೊಂಡು ಏನೋ ಹೇಳಹೊರಟಿದ್ದ, ಅಷ್ಟರಲ್ಲಿ ಲೈನ್ ಕಡಿದುಹೋಯಿತು.