ಕಂಕಣ ಕಟ್ಟುವ ಮೊದಲು ಎರಡು ಮಾತು

ಈ ಸಭೆಯ ಅಧ್ಯಕ್ಷರೇ, ನೇಮಸಿರಿ ಆಹಾರ ಬಳಗದ ಹಿರಿಯರೇ, ದಿನಾಲೂ ಮೊಬೈಲಿನಲ್ಲಿ ನಮ್ಮ ಮನೆಗಳಿಗೆ ಬಂದು ಇವತ್ತು ಖುದ್ದು ಬಂದಿರುವ ಪ್ರಭು ಸರ್ ಅವರೇ, ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳಿಂದ ಬಸ್ಸು ಹಿಡಿದು ಸವಣೂರಿಗೆ ಬಂದಿರುವ ಸಭಿಕರೇ,

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮಾಸ್ತರರು, ಸಭೆಯಲ್ಲಿ ನಿಂತಾಗ ಹೇಳಲೆಂದು ಒಂದು ವಾಕ್ಯ ಬಾಯಿಪಾಠ ಮಾಡಿಸಿದ್ದರು. ‘ಅನ್‌ಅಕಸ್ಟಮ್ಡ್ ಆ್ಯಸ್ ಐ ಆ್ಯಮ್’ ಎಂದು ಶುರುವಾಗುತ್ತದೆ. ಮುಂದಿನದು ಮರೆತಿದೆ. ನನಗೆ ಮಾತಾಡಿ ರೂಢಿಯಿಲ್ಲ ಎಂದು ಅದರ ಅರ್ಥ. ಹಾಗೆಂದರೆ ಸುಳ್ಳಾಗುತ್ತದೆ. ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಮೈಕಿನ ಮುಂದೆಯೇ ಮುದುಕನಾದವನು ನಾನು. ನಾನು ಹಿರೇಕೆರೂರು ಎಂದರೆ ಜನ ಬೋರ್ಡು ನೋಡದೆ ಆ ಬಸ್ಸು ಹತ್ತುತ್ತಿದ್ದರು. ಒಮ್ಮೆ ತಪ್ಪಿ ಹೇಳಿ ಒಂದು ಮದುವೆಯ ಬೀಗರನ್ನೇ ಬಂಕಾಪುರಕ್ಕೆ ಕಳಿಸಿದ್ದೆ. ಮೈಕಿನಲ್ಲಿ ಬಂದದ್ದನ್ನು ನಮ್ಮ ಜನ ಅಷ್ಟು ನಂಬುತ್ತಾರೆ. ಈಗ ಮೊಬೈಲಿನಲ್ಲಿ ಬಂದದ್ದನ್ನು ನಂಬುತ್ತಿದ್ದಾರೆ.

ಇವತ್ತು ನನಗೆ ಶಾಲು ಹೊದಿಸಿದಿರಿ. ‘ಸಕ್ಕರೆ ಗೆದ್ದವರು’ ಎಂದು ಫಲಕ ಕೊಟ್ಟಿರಿ. ನನ್ನ ಸಕ್ಕರೆ ಇಳಿದದ್ದು ಖರೆ. ನೇಮಸಿರಿ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದೆ. ಬೆಳಗಿನಲ್ಲಿ ಕೆರೆ ಏರಿಯ ಮೇಲೆ ಅಡ್ಡಾಡಿದೆ. ಸಂಜೆಯ ಮಿರ್ಚಿ ಬಿಟ್ಟೆ, ಎರಡು ಸಲದ ಅನ್ನ ಒಂದೇ ಸಲವಾಯಿತು. ಇಳಿಸಿದ್ದು ಯಾವುದು? ಪ್ರಭು ಸರ್ ಪುಡಿ ಎನ್ನುತ್ತಾರೆ. ಶಿಗ್ಗಾಂವಿ ದವಾಖಾನೆಯ ಆಹಾರ ತಜ್ಞೆ ತನುಜಾ ಮೇಡಮ್ಮರು ಮಿರ್ಚಿ ಬಿಟ್ಟದ್ದು ಎನ್ನುತ್ತಾರೆ. ನಾನು ಇಬ್ಬರಿಗೂ ಹೂಂ ಎಂದಿದ್ದೇನೆ.

ನೀರು ಕೊಡುತ್ತೀರಾ? ನನಗಲ್ಲ. ಮುಂದಿನ ಸಾಲಿನಲ್ಲಿ ನೀಲಿ ಸೀರೆ ಉಟ್ಟು ಕುಳಿತಿದ್ದಾಳಲ್ಲ, ನನ್ನ ಮಗಳು ನೀಲಾ, ಅವಳಿಗೆ. ತಂದ ಬಾಟಲಿ ಆಗಲೇ ಖಾಲಿ ಮಾಡಿದ್ದಾಳೆ. ನಾನು ಇಲ್ಲಿಂದ ಅದನ್ನೇ ನೋಡುತ್ತಿದ್ದೇನೆ.

ನನ್ನ ಭಾಷಣ ಮುಗಿದ ಮೇಲೆ ಕಂಕಣ ಕಟ್ಟುವ ಕಾರ್ಯಕ್ರಮ ಇದೆ. ಅರಿಶಿಣದ ದಾರ ಕಟ್ಟಿಸಿಕೊಂಡವರು ಅದು ಕೈಯಲ್ಲಿರುವವರೆಗೆ ಪುಡಿ ಕುಡಿಯಬೇಕು. ಗುಳಿಗೆ, ಸೂಜಿ ಮುಟ್ಟಬಾರದು. ಅದನ್ನು ಮನೆಯ ಹಿರಿಯರೇ ಕಟ್ಟಬೇಕೆಂಬುದು ಬಳಗದ ನೇಮ. ಇದನ್ನು ಯೋಚಿಸಿದವರು ಜಾಣರು. ಡಾಕ್ಟರರ ಚೀಟಿ ಹರಿದು ಹೋದರೂ ನಮ್ಮ ಮಂದಿ ಚಿಂತೆ ಮಾಡುವುದಿಲ್ಲ, ಕಂಕಣ ಹರಿದರೆ ಕೈಕಾಲು ನಡುಗುತ್ತವೆ. ಕಟ್ಟಿಸಿಕೊಂಡ ಮೇಲೆ ಯಾರು ಬಿಚ್ಚುತ್ತಾರೆ? ನನ್ನ ನೀಲಾ ಅಂತೂ ಬಿಚ್ಚುವವಳಲ್ಲ.

ಅವಳಿಗೂ ಸಕ್ಕರೆ ಇದೆ, ಆದರೆ ನನ್ನಂಥದಲ್ಲ. ಎರಡನೆಯ ಇಯತ್ತೆಯಲ್ಲಿ ಇದ್ದಾಗ ಬಂದದ್ದು. ನಮ್ಮ ಮನೆಗೆ ಫ್ರಿಜ್ಜು ಬರುವ ಮೊದಲು ಅವಳವ್ವ ಸಾವಂತ್ರವ್ವ ಔಷಧದ ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನ ಹರವಿಯ ಮಗ್ಗುಲಿಗೆ ಇಡುತ್ತಿದ್ದಳು. ಊಟಕ್ಕೆ ಮೊದಲು ಸೂಜಿ, ಸೂಜಿಯ ಮೇಲೆ ರೊಟ್ಟಿ. ಶಿವರಾತ್ರಿಗೆ ಹುಡುಗಿ ಉಪವಾಸ ಮಾಡುತ್ತೇನೆಂದು ಹಟ ಹಿಡಿದರೆ, “ಶಿವಗ ನಿನ್ನ ಉಪವಾಸದಿಂದ ಹೊಟ್ಟಿ ತುಂಬೂದಿಲ್ಲ. ಸುಮ್ನ ಉಣ್ಣು” ಎನ್ನುತ್ತಿದ್ದಳು. ಆಕೆ ಹೋದ ಮೇಲೆ ಮನೆಯಲ್ಲಿ ಹಾಗೆ ಗದರಿಸುವವರು ಇಲ್ಲ. ನನಗೆ ಗದರಿಸಲು ಬರುವುದಿಲ್ಲ, ಬಸ್ಸುಗಳನ್ನು ಬಿಟ್ಟರೆ.

ಹಂಸಭಾವಿಯ ಭರಮಪ್ಪನವರು ಇಲ್ಲೇ ಕುಳಿತಿದ್ದಾರೆ. ತಮ್ಮ ಮಗ ಸುದೀಪನಿಗೆ ನೀಲಾಳನ್ನು ನೋಡಿ ಹೋಗಿದ್ದರು. ಮರ್ಯಾದಸ್ತರು, ಸುತ್ತು ಬಳಸಲಿಲ್ಲ. “ಹುಡುಗಿ ಛಲೋ ಅದಾಳ್ರಿ ಶಿದ್ಲಿಂಗಪ್ಪನವರ. ಸೂಜಿ ಒಂದು ಬಿಟ್ಟಮ್ಯಾಗ ಮಾತಾಡೂಣು” ಎಂದರು. ನೀಲಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವತ್ತಿನಿಂದ ಅವಳ ಮೊಬೈಲಿನಲ್ಲಿ ಪ್ರಭು ಸರ್ ದನಿ ಬಿಟ್ಟರೆ ಬೇರೆ ದನಿ ಇಲ್ಲ. ಅವರದು ಒಳ್ಳೆಯ ದನಿ. ‘ಸೂಜಿ ಕಂಪನಿಯವರ ವ್ಯಾಪಾರ, ಪುಡಿ ನಿಮ್ಮ ಅಜ್ಜಿಯ ಅಡುಗೆ’ ಎನ್ನುತ್ತಾರೆ. ಪುಡಿಗೂ ಒಂದು ಕಂಪನಿ ಇದೆ, ಅದರ ಶಾಲು ನನ್ನ ಹೆಗಲ ಮೇಲಿದೆ, ಇರಲಿ. ನನ್ನ ಸಕ್ಕರೆ ಇಳಿದದ್ದನ್ನು ಕಣ್ಣಾರೆ ಕಂಡವಳು, ಹೇಗೆ ನಂಬದೆ ಇದ್ದಾಳು?

ಹೋದ ವಾರ ಸೂಜಿಯನ್ನು ಅರ್ಧಕ್ಕೆ ಇಳಿಸಿದ್ದಾಳೆ. ಕಂಕಣ ಕಟ್ಟಿದ ಮೇಲೆ ಪೂರಾ ಬಿಡುವವಳು. ಬಾಯಾರಿಕೆ ನಿಲ್ಲುತ್ತಿಲ್ಲ. ಇವತ್ತು ಬೆಳಿಗ್ಗೆ ವಾಂತಿಯಾಯಿತು. ಮಾತಾಡಿದರೆ ಉಸಿರಿನಿಂದ ಕಳಿತ ಹಣ್ಣಿನ ವಾಸನೆ ಬರುತ್ತದೆ.

“ಯಾಕವ್ವ ಹಿಂಗ?” ಎಂದೆ.

“ಒಳಗಿನ ನಂಜು ಹೊರಗ ಹೊಂಟೈತಪ್ಪ. ಹಿಂಗ ಆಗತೈತಿ ಅಂತ ವಿಡಿಯೋದಾಗ ಹೇಳ್ಯಾರ” ಎಂದಳು.

“ದವಾಖಾನಿಗೆ ಹೋಗೂಣು ನಡಿ.”

“ಕಂಕಣ ಕಟ್ಟಿಸ್ಕೊಂಡು ಬಂದಮ್ಯಾಗ ನೋಡೂಣಂತ. ನೀ ಬರೂದಿಲ್ಲಂದ್ರ ಹೇಳು, ದೊಡ್ಡಪ್ಪನ ಕಡೆ ಕಟ್ಟಿಸ್ಕೋತೇನಿ.”

ಅದಕ್ಕೇ ಬಂದೆ. ದಾರಿಯಲ್ಲಿ ಕದ್ದು ತನುಜಾ ಮೇಡಮ್ಮರಿಗೆ ಫೋನು ಮಾಡಿದೆ. ಅವರು ಸಮಾಧಾನದ ಹೆಣ್ಣುಮಗಳು, ಇವತ್ತು ಮಾತ್ರ ದನಿ ಬೇರೆಯಾಗಿತ್ತು. “ಅಜ್ಜಾರ, ನಿಮ್ಮ ಮೈಯಾಗ ಇನ್ಸುಲಿನ್ ಐತಿ, ಕೆಲಸ ಬರೋಬ್ಬರಿ ಮಾಡೂದಿಲ್ಲ. ನೀವು ಬಾಯಿ ಕಟ್ಟಿದ್ರ ಸಕ್ಕರಿ ಇಳೀತೈತಿ. ಆಕಿ ಮೈಯಾಗ ಅದು ಹುಟ್ಟೂದ ಇಲ್ಲ. ಏನ್ ಉಣಬೇಕು ಅಂತ ನಾ ಹೇಳಬಹುದು, ಆದ್ರ ಯಾವ ಊಟಾನೂ ಸೂಜಿ ಆಗೂದಿಲ್ಲ. ನೀವು ಹೇಳೂದು ಕೇಳಿದ್ರ ಸಂಜೀತನಾ ಕಾಯೂದಲ್ಲ ಇದು. ಈಗ ಕರಕೊಂಡು ಬರ್ರಿ, ಡಾಕ್ಟರಿಗೆ ನಾ ಹೇಳಿರತೇನಿ” ಎಂದರು.

ಸಮಯ ಮುಗಿಯಿತೆಂದು ಸಂಘಟಕರು ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಪ್ರಭು ಸರ್, ನೀವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಮೊಬೈಲಿನೊಳಗಿಂದ ನಿಮಗೆ ನನ್ನ ಮಗಳು ಕಾಣುವುದಿಲ್ಲ, ಅಷ್ಟೆ. ಈಗ ಕಾಣುತ್ತಾಳೆ, ನೋಡಿ. ತುಟಿ ಒಣಗಿದೆ. ಉಸಿರು ಓಡಿ ಬಂದವರ ಹಾಗೆ ಇದೆ. ಇದು ನಂಜು ಹೊರಗೆ ಹೋಗುವುದೇ? ಹೌದೆಂದು ಈ ಮೈಕಿನಲ್ಲಿ ನೀವು ಹೇಳುತ್ತೀರಾ? ಬಂದು ಹೇಳಿ, ನಾನು ಸರಿದು ನಿಲ್ಲುತ್ತೇನೆ.

ಏಳುವುದಿಲ್ಲವೇ? ಬೇಡ, ಕುಳಿತಿರಿ.

ಭರಮಪ್ಪನವರೇ, ನಿಮಗೂ ಒಂದು ಮಾತು. ನನ್ನ ಮಗಳಿಗೆ ಸೂಜಿ ಇದೆ, ಮದುವೆಯ ಮರುದಿನವೂ ಇರುತ್ತದೆ. ಹಾಗೆಯೇ ಒಪ್ಪುವುದಾದರೆ ಬನ್ನಿ. ಒಪ್ಪದಿದ್ದರೂ ನಮ್ಮ ಮನೆಗೆ ಚಹಾಕ್ಕೆ ಬನ್ನಿ.

ಸಭಿಕರೇ, ಅವಳ ಕೈಗೆ ಕಟ್ಟಲು ಕೊಟ್ಟ ಕಂಕಣ ಇಗೋ, ಈ ಮೇಜಿನ ಮೇಲೆ ಇಡುತ್ತಿದ್ದೇನೆ. ನಾನು ಕಟ್ಟುವುದಿಲ್ಲ. ಅವಳ ದೊಡ್ಡಪ್ಪನನ್ನು ಕರೆಸಬೇಡಿ, ಅಪ್ಪ ಬೇಡವೆಂದ ಮೇಲೆ ಕಟ್ಟುವ ಕೈ ನಮ್ಮ ಮನೆತನದಲ್ಲಿ ಇಲ್ಲ. ಬಾಗಿಲ ಮುಂದೆ ನಮ್ಮನ್ನು ಕರೆತಂದ ಮುನಾಫನ ಬಾಡಿಗೆ ಗಾಡಿ ಚಾಲೂ ನಿಂತಿದೆ.

ನೀಲಾ, ತಲಿ ಎತ್ತವ್ವ. ಇಷ್ಟು ಮಂದಿಯೊಳಗ ಅಪ್ಪ ಮರ್ಯಾದಿ ಕಳದ ಅಂತ ಸಿಟ್ಟು ಬಂದೈತಿ ನಿನಗ. ಸಿಟ್ಟಾಗು. ವರ್ಷಗಟ್ಲೆ ಮಾತು ಬಿಡು ನನ್ನ ಕೂಡ. ಹಂಗ ಮಾತು ಬಿಡಾಕ ನೀ ಇರಬೇಕಲ್ಲವ್ವ. ಏಳು.

ಮಗ್ಗಲಕ ಕುಂತ ಅಕ್ಕಾರ, ಸ್ವಲ್ಪ ಆಕಿ ರಟ್ಟಿ ಹಿಡೀರಿ, ನಿಂತ್ರ ತಲಿ ತಿರಗತೈತಿ.

ಹಾಂ, ಎದ್ದಳು.

ಅಧ್ಯಕ್ಷರಿಗೂ, ಶಾಲು ಹೊದಿಸಿದ ಬಳಗಕ್ಕೂ, ಮುದುಕನ ಮಾತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಡುವಿನ ಕುರ್ಚಿಗಳನ್ನು ಸರಿಸಿ ದಾರಿ ಬಿಡಿ. ನಮಸ್ಕಾರ.