ಕೆಂಪು ಬಿಸ್ಕೀಟಿನ ಗುರುತು

ದೀಪಾವಳಿ ಹತ್ತಿರ ಬಂದರೆ ಹಳಿಯಾಳದ ಬೇಕರಿಯ ಮುಂದೆ ಸಾಲು. ಮನೆಯಲ್ಲಿ ಮಕ್ಕಳು ತಟ್ಟಿದ ಬಿಸ್ಕೀಟನ್ನು ಇಲ್ಲಿ ಸುಡಿಸಿಕೊಂಡು ಹೋಗುತ್ತಾರೆ. ಅದಲುಬದಲಾಗದಿರಲೆಂದು ಮನೆಗೊಂದು ಗುರುತು. ನನ್ನ ಮುಂದಿದ್ದ ತೇರಗಾಂವದ ಅಜ್ಜಿಯ ಒಂದು ತಟ್ಟೆಯಲ್ಲಿ ಹಳದಿ ಬಿಸ್ಕೀಟಿನ ಮೇಲೆಲ್ಲ ಪುಟ್ಟ ಹೆಬ್ಬೆರಳ ಗುಳಿ. ಇನ್ನೊಂದರಲ್ಲಿ ಕೆಂಪು ಬಿಸ್ಕೀಟು. ಅಜ್ಜಿಯ ಜೊತೆ ಬಂದಿದ್ದ ಪಕ್ಕದ ಮನೆಯವಳು ಕೇಳಿದಳು:

“ಆಯಿ, ಹಳದಿ ಮಾವಿನಹಣ್ಣಿಂದೇನ್ರಿ?”

“ಹೌದವಾ. ಮೊಮ್ಮಗ ರುದ್ರೇಶಗ ಅದ ಬೇಕು.”

“ಈ ಕೆಂಪು?”

“ಸ್ಟ್ರಾಬೆರಿ. ಅವನ ಅಕ್ಕ ಪಲ್ಲವಿದು.”

“ಆಕಿ ಹೋಗಿ ಎರಡು ವರ್ಷ ಆತಲ್ರಿ.”

“ಮೂರು ದಿನದ ಜ್ವರಾ. ತಮ್ಮ ಇನ್ನೂ ಹಿಟ್ಟು ಎರಡು ಪಾಲು ಮಾಡ್ತಾನ. ನಾ ಬ್ಯಾಡ ಅನ್ನೂದಿಲ್ಲ.”

“ಕೆಂಪಿನ ಮ್ಯಾಲ ಬೆರಳು ಒತ್ತಿಲ್ಲಲ್ರಿ.”

“ಹ್ವಾದ ವರ್ಷ ಅಕ್ಕನ ಸಲುವಾಗಿ ಅಂವನ ಒತ್ತಿದ್ದ. ಈ ಸಲ ಒಲ್ಲೆ ಅಂದ. ‘ನನ್ನ ಬೆರಳು ಅಕ್ಕನ ಬೆರಳಿಗಿಂತ ದೊಡ್ಡದಾಗೇತಿ’ ಅಂದ.”

“ಗುರುತಿಲ್ಲಂದ್ರ ಮಂದಿ ಬಿಸ್ಕೀಟಿನಾಗ ಕೂಡ್ತಾವಲ್ರಿ?”

“ಕೂಡ್ಲಿ ಬಿಡವಾ. ಯಾರದರೆ ಮನಿ ಹುಡುಗ್ರು ತಿಂತಾವ.”

ಬೇಕರಿಯವನು ಕೈಚಾಚಿದ. ಹಳದಿ ಬಿಸ್ಕೀಟಿನ ತಟ್ಟೆಯನ್ನು ಅಜ್ಜಿ ಕೊಟ್ಟಳು. ಕೆಂಪಿನದನ್ನು ಅವನೇ ಅವಳ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಸುಟ್ಟದ್ದನ್ನು ನಾಳೆ ಒಯ್ಯುತ್ತೇವೆಂದು ಹೇಳಿ ಹೆಂಗಸರಿಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು.